ಅಣಬೆ ಪಲ್ಯ ತಿನ್ನಲಿ, ಗುಳಿಗೆ ಬಿಡುವುದು ಬೇಡ

ಪ್ರಶ್ನೆ: ಸರ್, ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ಸಂಘದ ಹೆಂಗಸರೆಲ್ಲ ಸೇರಿ ಹೋದ ವರ್ಷದಿಂದ ನೆಲ್ಲು ಹುಲ್ಲಿನಲ್ಲಿ ಚಿಪ್ಪು ಅಣಬೆ ಬೆಳೆಯುತ್ತಿದ್ದೇವೆ. ಶೆಡ್ಡು ನಮ್ಮ ಮನೆಯ ಹಿಂದೆಯೇ ಇದೆ. ನಮ್ಮ ಮಾವನವರಿಗೆ 64 ವರ್ಷ, ಶುಗರ್ ಬಂದು ಹತ್ತು ವರ್ಷ ದಾಟಿದೆ. ಎರಡು ಹೊತ್ತು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ರಾತ್ರಿ ಕೊಲೆಸ್ಟ್ರಾಲ್ ಗುಳಿಗೆ ತೊಗೊಳ್ಳುತ್ತಿದ್ದರು. ಹೋದ ಸಲ ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.7 ಬಂದಿತ್ತು. ಅಣಬೆ ಪುಡಿ ಮಾರುವ ಒಬ್ಬರು ಬಂದು, ಮೂರು ತಿಂಗಳು ಇದನ್ನು ತಿಂದರೆ ಗುಳಿಗೆಯೇ ಬೇಕಾಗಿಲ್ಲ ಅಂದರು. ಪುಡಿ ತುಟ್ಟಿ. ‘ಮನೆಯಾಗ ಬೆಳೀತೀವಿ, ನಾವೇ ಒಣಗಿಸಿ ತಿಂದ್ರಾತು’ ಅಂತ ಮಾವ ಮೂರು ವಾರದಿಂದ ಗುಳಿಗೆ ಬಿಟ್ಟು ಅಣಬೆ ಪುಡಿ ತಿನ್ನುತ್ತಿದ್ದಾರೆ. ನಮ್ಮ ಅತ್ತೆ ಅಣಬೆ ಕೀಳಲು ಹೋದ ದಿನ ರಾತ್ರಿ ಕೆಮ್ಮು, ಮೈ ಬಿಸಿ, ದಮ್ಮು. ಮಳೆ ಬಿದ್ದಾಗ ಹುತ್ತದ ಅಣಬೆ ತಂದು ತಿನ್ನುವ ರೂಢಿಯೂ ಮನೆಯಲ್ಲಿದೆ. ಅಣಬೆ ಔಷಧಿ ಹೌದೋ ಅಲ್ಲವೋ? ನಮ್ಮ ಪ್ಯಾಕೆಟ್ ಮೇಲೆ ‘ಶುಗರ್‌ಗೆ ಒಳ್ಳೆಯದು’ ಅಂತ ಬರೆಸಬಹುದಾ?

ಉತ್ತರ: ಉಳಿದದ್ದು ಆಮೇಲೆ, ಮೊದಲು ಮಾವನವರ ಗುಳಿಗೆ. ಇದನ್ನು ಓದಿದ ಮರುದಿನ ಬೆಳಿಗ್ಗೆಯೇ ಅವರನ್ನು ಖಾಲಿ ಹೊಟ್ಟೆಯಲ್ಲಿ ಗಂಗಾವತಿ ತಾಲೂಕು ಆಸ್ಪತ್ರೆಗೋ ನಿಮ್ಮ ಡಾಕ್ಟರ ಹತ್ತಿರವೋ ಕರೆದುಕೊಂಡು ಹೋಗಿ. ಊಟಕ್ಕೆ ಮೊದಲು ಮತ್ತು ಊಟವಾದ ಮೇಲಿನ ಶುಗರ್, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಇಷ್ಟನ್ನೂ ನೋಡಿಸಬೇಕು. ಬಿಟ್ಟ ದಿನಗಳ ಲೆಕ್ಕ ಹಿಡಿದು ಗುಳಿಗೆಯನ್ನು ದುಪ್ಪಟ್ಟು ಮಾಡಿ ಕೊಡಬೇಡಿ. ಕ್ರಿಯಾಟಿನಿನ್ 1.7 ಇರುವ ಈ ವಯಸ್ಸಿನವರ ಕಿಡ್ನಿ ಅರ್ಧದಷ್ಟು ಕೆಲಸ ಮಾಡುತ್ತಿದ್ದರೆ ಹೆಚ್ಚು. ಅಂಥವರಲ್ಲಿ ಗ್ಲಿಮೆಪಿರೈಡ್ ಶುಗರನ್ನು ಬೇಕಾದ್ದಕ್ಕಿಂತ ಕೆಳಕ್ಕೆ ಇಳಿಸಬಹುದು, ಮೆಟ್‌ಫಾರ್ಮಿನ್ ಪ್ರಮಾಣವನ್ನೂ ಕಿಡ್ನಿ ನೋಡಿಯೇ ಗೊತ್ತು ಮಾಡಬೇಕು. ಎಷ್ಟರಿಂದ ಮತ್ತೆ ಶುರು ಮಾಡುವುದು ಎಂಬುದನ್ನು ಡಾಕ್ಟರು ಹೇಳಲಿ. ಈ ನಡುವೆ ವಾಂತಿ, ಏದುಸಿರು, ಮಂಪರು, ಪದೇ ಪದೇ ಮೂತ್ರಕ್ಕೆ ಹೋಗಿ ಬಾಯಿ ಒಣಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಬಳ್ಳಾರಿಯಲ್ಲಿ ಕೂತು ಶುಗರ್ ರೋಗಿಗಳನ್ನು ನೋಡುವ ನನಗೆ ಇಂಥ ಕಥೆ ಹೊಸದಲ್ಲ. ಒಂದು ವರ್ಷ ಬೇವಿನ ಕಷಾಯ ಇರುತ್ತದೆ, ಇನ್ನೊಂದು ವರ್ಷ ಯಾವುದೋ ಎಲೆ, ಈಗ ಅಣಬೆ. ಹಾನಿ ಹೆಚ್ಚಾಗಿ ಆ ಪದಾರ್ಥದಿಂದ ಆಗುವುದಿಲ್ಲ, ಅದರ ಭರವಸೆಯಲ್ಲಿ ಬಿಟ್ಟ ಗುಳಿಗೆಯಿಂದ ಆಗುತ್ತದೆ. ಗುಳಿಗೆ ಬಿಟ್ಟ ಮೊದಲ ಒಂದೆರಡು ವಾರ ರೋಗಿಗೆ ಏನೂ ಅನಿಸುವುದಿಲ್ಲ, ಕೆಲವರಿಗೆ ಹೊಟ್ಟೆ ಹಗುರಾದಂತೆ ಸಹ ಅನಿಸುತ್ತದೆ. ಮೆಟ್‌ಫಾರ್ಮಿನ್‌ನಿಂದ ಆಗುತ್ತಿದ್ದ ಹೊಟ್ಟೆಯುಬ್ಬರ ನಿಂತಿರುತ್ತದೆ, ಅಷ್ಟೇ. ಅದನ್ನೇ ಪುಡಿಯ ಗುಣ ಎಂದುಕೊಳ್ಳುತ್ತಾರೆ.

ಹಾಗಂತ ಅಣಬೆಯಲ್ಲಿ ಏನೂ ಇಲ್ಲ ಎಂದು ನಾನು ಹೇಳುವುದಿಲ್ಲ. ಚಿಪ್ಪು ಅಣಬೆಯಲ್ಲಿ ಬೀಟಾ-ಗ್ಲುಕನ್ ಎಂಬ ನಾರಿನ ಅಂಶ ಇದೆ. ಊಟದ ಸಕ್ಕರೆ ರಕ್ತಕ್ಕೆ ಇಳಿಯುವ ವೇಗವನ್ನು ಇಂಥ ನಾರು ಸ್ವಲ್ಪ ತಗ್ಗಿಸುತ್ತದೆ. ಲೊವಾಸ್ಟಾಟಿನ್ ಎಂಬ ವಸ್ತುವೂ ಅದರಲ್ಲಿ ತಾನಾಗಿಯೇ ಇರುತ್ತದೆ. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೊದಲ ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ) ಗುಳಿಗೆ ಇದೇ ಲೊವಾಸ್ಟಾಟಿನ್. ನಿಮ್ಮ ಮಾವನವರ ಕೊಲೆಸ್ಟ್ರಾಲ್ ಗುಳಿಗೆಯೂ ಬಹುಶಃ ಅದೇ ಬಳಗದ್ದು. ಆದರೆ ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಅಣಬೆಯಲ್ಲಿ ಅದು ತಳಿಯಿಂದ ತಳಿಗೆ, ಕೊಡೆಯಿಂದ ಕಾಂಡಕ್ಕೆ, ಎಳೆಯದರಿಂದ ಬಲಿತದ್ದಕ್ಕೆ ಬದಲಾಗುತ್ತದೆ. ಇವತ್ತಿನ ಚಮಚದಲ್ಲಿ ಎಷ್ಟಿತ್ತು, ನಾಳಿನದರಲ್ಲಿ ಎಷ್ಟಿರುತ್ತದೆ ಎಂದು ಯಾರೂ ಹೇಳಲಾರರು. ಪಲ್ಯ ಮಾಡಿ ತಿಂದರೆ ಇದರ ಚಿಂತೆ ಬೇಡ. ಸ್ಟಾಟಿನ್ ಗುಳಿಗೆ ನುಂಗುವವರು ಅದರ ಮೇಲೆ ದಿನವೂ ಚಮಚಗಟ್ಟಲೆ ಪುಡಿ ತಿನ್ನತೊಡಗಿ, ತೊಡೆ-ಭುಜದ ಸ್ನಾಯು ನೋಯತೊಡಗಿದರೆ ಮಾತ್ರ ಡಾಕ್ಟರಿಗೆ ಪುಡಿಯ ವಿಷಯ ಮುಚ್ಚಿಡಬಾರದು.

ಮನುಷ್ಯರ ಮೇಲೆ ಪ್ರಯೋಗ ಆಗಿಲ್ಲವೇ ಎಂದರೆ ಆಗಿವೆ. ಬಾಂಗ್ಲಾದೇಶದಲ್ಲಿ ನೂರಕ್ಕಿಂತ ಕಡಿಮೆ ಶುಗರ್ ರೋಗಿಗಳಿಗೆ ಒಂದು ವಾರ ಚಿಪ್ಪು ಅಣಬೆ ಕೊಟ್ಟು, ಒಂದು ವಾರ ನಿಲ್ಲಿಸಿ, ಮತ್ತೆ ಕೊಟ್ಟು ನೋಡಿದ ವರದಿ 2007ರಲ್ಲಿ ಪ್ರಕಟವಾಯಿತು. ಅಣಬೆ ತಿಂದ ದಿನಗಳಲ್ಲಿ ಶುಗರ್, ಕೊಲೆಸ್ಟ್ರಾಲ್ ಇಳಿದಿದ್ದವು. ಪುಡಿ ಮಾರುವವರು ತೋರಿಸುವುದು ಇಂಥವನ್ನೇ. ಒಂದು ವಾರದ ಇಳಿಕೆ ಹತ್ತು ವರ್ಷದ ರೋಗಕ್ಕೆ ಉತ್ತರವಾಗುವುದಿಲ್ಲ. ಇನ್ನು ಭಾರಿ ಬೆಲೆಗೆ ಮಾರುವ ಗ್ಯಾನೋಡರ್ಮಾ, ಅಂದರೆ ರೇಷಿ ಅಣಬೆ. ಅದರ ಬಗ್ಗೆ ಆಗಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆಯ 2015ರ ವಿಮರ್ಶೆ, ಡಯಾಬಿಟಿಸ್ ಇರುವವರ ಶುಗರ್, ಬಿ.ಪಿ., ಕೊಲೆಸ್ಟ್ರಾಲ್ ತಗ್ಗಿಸಲು ಅದನ್ನು ಬಳಸುವುದಕ್ಕೆ ಆಧಾರವಿಲ್ಲ ಎಂದು ಹೇಳಿತು. ‘ಜಪಾನಿನಲ್ಲಿ ಅಣಬೆಯಿಂದ ಕ್ಯಾನ್ಸರ್ ಔಷಧಿ ಮಾಡುತ್ತಾರೆ’ ಎಂಬ ಮಾತು ಸುಳ್ಳಲ್ಲ. ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಅಲ್ಲಿ ಬಳಕೆಗೆ ಬಂದದ್ದು ಹೌದು. ಆದರೆ ಅದು ಶುದ್ಧೀಕರಿಸಿದ ಇಂಜೆಕ್ಷನ್, ಅದನ್ನು ಕೊಡುತ್ತಿದ್ದುದು ಕೀಮೋಥೆರಪಿಯ ಜೊತೆಗೆ. ಡಬ್ಬಿಯ ಪುಡಿಗೂ ಅದಕ್ಕೂ ಸಂಬಂಧವಿಲ್ಲ.

ಪುಡಿ ಮಾರುವವರು ಮತ್ತೆ ಬಂದರೆ ಅವರ ಡಬ್ಬಿಯ ಹಿಂಬದಿ ತಿರುಗಿಸಿ ನೋಡಿ. ನನ್ನ ಟೇಬಲ್ ಮೇಲೆ ಇಂಥವು ಬಂದು ಕೂರುತ್ತಲೇ ಇರುತ್ತವೆ. ಮುಂದೆ ದೊಡ್ಡದಾಗಿ ಹಸಿರು ಎಲೆ, ಹೃದಯದ ಚಿತ್ರ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಔಷಧ ಬಳಕೆಗಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು. ಪೂರಕ ಆಹಾರಗಳ ಮೇಲೆ ಹಾಗೆ ಅಚ್ಚು ಹಾಕಲೇಬೇಕು ಎಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. 14 ಅಂಕಿಗಳ ಲೈಸೆನ್ಸ್ ನಂಬರ್ ಇದ್ದರೆ ಅದು ಆಹಾರ ಮಾರಲು ಸಿಕ್ಕ ಪರವಾನಗಿ, ರೋಗ ವಾಸಿಯಾಗುತ್ತದೆ ಎಂಬುದಕ್ಕೆ ಮುದ್ರೆಯಲ್ಲ. ಆ ನಂಬರೂ ಇಲ್ಲದ, ಬರೀ ಪ್ಲಾಸ್ಟಿಕ್ ಡಬ್ಬಿಯ ಪುಡಿಯನ್ನು ಮುಟ್ಟಲೇಬೇಡಿ. ಶುಗರ್ ಗುಳಿಗೆಯನ್ನೇ ಕುಟ್ಟಿ ಬೆರೆಸಿದ, ನೋವಿನ ಪುಡಿಗೆ ಸ್ಟೀರಾಯ್ಡ್ ಸೇರಿಸಿದ ಪ್ರಕರಣಗಳು ನಾಟಿ ಪುಡಿಗಳಲ್ಲಿ ಸಿಕ್ಕಿವೆ. ಮೊದಲನೆಯದು ಶುಗರನ್ನು ದಿಢೀರ್ ಕೆಡವುತ್ತದೆ, ಎರಡನೆಯದು ಏರಿಸುತ್ತದೆ.

ನಿಮ್ಮ ಮಾವ ತಿನ್ನುತ್ತಿರುವುದು ಮನೆಯ ಪುಡಿ, ಕಲಬೆರಕೆಯ ಭಯವಿಲ್ಲ. ಅವರಿಗೆ ಇರುವ ತೊಂದರೆ ಕಿಡ್ನಿಯದು. ನೂರು ಗ್ರಾಂ ಹಸಿ ಚಿಪ್ಪು ಅಣಬೆಯಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಹೆಚ್ಚುಕಡಿಮೆ ಒಂದು ಬಾಳೆಹಣ್ಣಿನಷ್ಟು. ಹತ್ತು ಕಿಲೋ ಹಸಿ ಅಣಬೆ ಒಣಗಿದರೆ ಒಂದು ಕಿಲೋ ಉಳಿಯುತ್ತದೆ ಎಂಬುದು ನಿಮಗೇ ಗೊತ್ತು. ನೀರು ಹೋಗುತ್ತದೆ, ಪೊಟ್ಯಾಸಿಯಂ ಹೋಗುವುದಿಲ್ಲ. ದಿನಕ್ಕೆ ನಾಲ್ಕೈದು ಚಮಚ ಪುಡಿ ಎಂದರೆ ದೊಡ್ಡ ಬಟ್ಟಲು ಅಣಬೆ ತಿಂದಂತೆ. ಜೊತೆಗೆ ಎಳನೀರು, ಕಿಡ್ನಿ-ಬಿ.ಪಿ.ಗೆ ಕೊಡುವ ಕೆಲವು ಗುಳಿಗೆಗಳೂ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಪುಡಿ ನಿಲ್ಲಿಸಿ. ಪೊಟ್ಯಾಸಿಯಂ ವರದಿ ಸರಿ ಇದ್ದರೆ, ಡಾಕ್ಟರಿಗೂ ಒಂದು ಮಾತು ಹೇಳಿ, ವಾರದಲ್ಲಿ ಎರಡು ಸಲ ಒಂದು ಹಿಡಿ ಅಣಬೆಯ ಪಲ್ಯ ಕೊಡಬಹುದು.

ಕಿಡ್ನಿ ಮತ್ತು ಅಣಬೆಯ ವಿಷಯದಲ್ಲಿ ನನ್ನನ್ನು ಎಚ್ಚರವಾಗಿಟ್ಟ ಘಟನೆ ಜಪಾನಿನದು. ಅಲ್ಲಿ ಸುಗಿಹಿರಾತಾಕೆ ಎಂಬ ಬಿಳಿ ಅಣಬೆಯನ್ನು ತಲೆಮಾರುಗಳಿಂದ ತಿನ್ನುತ್ತಿದ್ದರು, ನೋಡಲು ನಮ್ಮ ಚಿಪ್ಪು ಅಣಬೆಯಂತೆಯೇ. 2004ರ ಶರತ್ಕಾಲದಲ್ಲಿ ಅದನ್ನು ತಿಂದವರಲ್ಲಿ ಮೆದುಳಿನ ತೊಂದರೆ ಕಾಣಿಸಿಕೊಂಡು 17 ಜನ ತೀರಿಕೊಂಡರು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರಿಗೆ ಮೊದಲೇ ಕಿಡ್ನಿ ತೊಂದರೆ ಇತ್ತು. ಆ ಅಣಬೆ ಬೆಳೆಯುವುದು ಸೂಚಿಪರ್ಣಿ ಮರದ ಕೊರಡಿನ ಮೇಲೆ, ನಿಮ್ಮ ಹುಲ್ಲಿನ ಚೀಲಕ್ಕೂ ಅದಕ್ಕೂ ನಂಟಿಲ್ಲ, ಹೆದರಬೇಕಿಲ್ಲ. ಆದರೆ ‘ನಮ್ಮ ಹಿರಿಯರು ತಿಂದಿದ್ದಾರೆ, ಏನೂ ಆಗಿಲ್ಲ’ ಎಂಬ ಮಾತು ಕಿಡ್ನಿ ಸರಿ ಇದ್ದವರಿಗೆ ಅನ್ವಯಿಸುತ್ತದೆ, ಇಲ್ಲದವರಿಗೆ ಅನ್ವಯಿಸಲೇಬೇಕು ಎಂದಿಲ್ಲ.

ಮನೆಯ ಉಳಿದವರು ಧಾರಾಳವಾಗಿ ತಿನ್ನಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಶೇಂಗಾ ಪುಡಿ ಹಾಕಿ ಮಾಡಿದ ಅಣಬೆ ಪಲ್ಯ ಜೋಳದ ರೊಟ್ಟಿಗೆ ಸೊಗಸಾಗಿ ಹೊಂದುತ್ತದೆ. ಶುಗರ್ ಇದ್ದವರಿಗೆ ಅದರ ನಿಜವಾದ ಲಾಭವೂ ಅಲ್ಲೇ ಇದೆ. ಸೋನಾ ಮಸೂರಿ ಅನ್ನದ ರಾಶಿ ಚಿಕ್ಕದಾಗಿ ಪಲ್ಯದ ರಾಶಿ ದೊಡ್ಡದಾದರೆ ಶುಗರ್ ಹಿಡಿತಕ್ಕೆ ತರುವುದು ಸುಲಭವಾಗುತ್ತದೆ. ಭತ್ತದ ನಾಡಿನಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ, ಗೊತ್ತು. ಚೆನ್ನಾಗಿ ಬೇಯಿಸಿ ತಿನ್ನಿ, ಹಸಿಯಾಗಿ ಬೇಡ. ಚಿಪ್ಪು ಅಣಬೆಯಲ್ಲಿ ಕೆಂಪು ರಕ್ತಕಣ ಒಡೆಯುವ ಒಂದು ಪ್ರೋಟೀನ್ ಇದೆ, ಬೇಯಿಸಿದರೆ ಅದು ನಾಶವಾಗುತ್ತದೆ. ‘ಮಾಂಸದಷ್ಟೇ ಪ್ರೋಟೀನ್’ ಎನ್ನುವುದು ಉತ್ಪ್ರೇಕ್ಷೆ. ನೂರು ಗ್ರಾಂ ಹಸಿ ಅಣಬೆಯಲ್ಲಿ ಮೂರು ಗ್ರಾಂ ಆಸುಪಾಸು, ಉಳಿದದ್ದು ಹೆಚ್ಚೂಕಡಿಮೆ ನೀರೇ. ಬಿ12 ಸಿಗುತ್ತದೆ ಎಂದು ನಂಬಿ ಕೂರುವುದೂ ಬೇಡ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಲ್ಲಿ ಬಿ12 ಕಡಿಮೆಯಾಗುತ್ತದೆ. ಮಾವನವರಿಗೆ ಅಂಗಾಲು ಉರಿ, ಜೋಮು ಇದ್ದರೆ ಅದನ್ನೂ ಪರೀಕ್ಷೆ ಮಾಡಿಸಿ. ವಿಟಮಿನ್ ಡಿ ವಿಷಯದಲ್ಲಿ ಮಾತ್ರ ಅಣಬೆಗೆ ನಿಜವಾದ ಹೆಚ್ಚುಗಾರಿಕೆ ಇದೆ. ಹೆಚ್ಚಿದ ಅಣಬೆಯನ್ನು, ಕೊಡೆಯ ಅಡಿಯ ಪದರಿನ ಭಾಗ ಮೇಲೆ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಹರವಿದರೆ ಅದರೊಳಗಿನ ಎರ್ಗೊಸ್ಟೆರಾಲ್ ವಿಟಮಿನ್ ಡಿ2 ಆಗಿ ಬದಲಾಗುತ್ತದೆ. ಬಿಸಿಲಿಗೆ ನಮ್ಮಲ್ಲೇನು ಬರ!

ಈಗ ನಿಮ್ಮ ಅತ್ತೆಯವರ ವಿಷಯ. ನೀವು ಎರಡೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಮಾವನವರಷ್ಟೇ ಇವರ ಚಿಂತೆಯೂ ಆಯಿತು. ಶೆಡ್ಡಿಗೆ ಹೋಗಿ ಬಂದ ನಾಲ್ಕರಿಂದ ಎಂಟು ತಾಸಿನೊಳಗೆ ಕೆಮ್ಮು, ಜ್ವರ, ಮೈಕೈ ನೋವು, ದಮ್ಮು ಬಂದು, ಒಂದೆರಡು ದಿನದಲ್ಲಿ ಇಳಿದು, ಮತ್ತೆ ಹೋದಾಗ ಮತ್ತೆ ಬರುವುದು ಅಣಬೆ ಬೆಳೆಗಾರರ ಶ್ವಾಸಕೋಶ ಕಾಯಿಲೆಯ ಲಕ್ಷಣ. ಇದು ಸೋಂಕಲ್ಲ. ಅಣಬೆ ಉದುರಿಸುವ ಬೀಜಕಣಗಳ ವಿರುದ್ಧ ಶ್ವಾಸಕೋಶವೇ ಸಿಟ್ಟಿಗೇಳುತ್ತದೆ. ಶುರುವಿನಲ್ಲಿ ದೂರ ಉಳಿದರೆ ಪೂರ್ತಿ ವಾಸಿಯಾಗುತ್ತದೆ. ಕೆಮ್ಮಿನ ಔಷಧಿ ಕುಡಿದುಕೊಂಡು ಹೋಗುತ್ತಲೇ ಇದ್ದರೆ ಶ್ವಾಸಕೋಶ ಗಾಯಗಟ್ಟಿ ಗಡುಸಾಗುತ್ತದೆ, ಅದು ಮತ್ತೆ ಮೆದುವಾಗುವುದಿಲ್ಲ. ಅವರು ಇನ್ನು ಶೆಡ್ಡಿನೊಳಗೆ ಕಾಲಿಡಬಾರದು, ಮಾಸ್ಕ್ ಹಾಕಿಕೊಂಡೂ ಬೇಡ. ಲೆಕ್ಕ ಬರೆಯುವುದು, ತೂಕ ಮಾಡಿದ ಪ್ಯಾಕೆಟ್ ಮಾರುವುದು ಅವರಿಗಿರಲಿ. ಎಕ್ಸ್‌ರೇ ತೆಗೆಸಿ, ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆಯೂ ಆಗಲಿ. ಟಿಬಿ ಅಲ್ಲ ಎಂದು ಖಾತ್ರಿಯಾಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಡಾಕ್ಟರಿಗೆ ‘ಮನೆಯ ಹಿಂದೆ ಅಣಬೆ ಶೆಡ್ಡು ಇದೆ’ ಎಂದು ನೀವಾಗಿಯೇ ಹೇಳಿ. ಹೇಳದಿದ್ದರೆ ಅಸ್ತಮಾ ಎಂದು ಪಂಪ್ ಬರೆದುಕೊಟ್ಟು ಕಳಿಸುವ ಸಾಧ್ಯತೆಯೇ ಹೆಚ್ಚು.

ಉಳಿದವರಿಗೂ ಇದು ಬರಬಾರದೆಂದರೆ ಕೀಳುವ ಹೊತ್ತು ಮುಖ್ಯ. ಕೊಡೆಯ ಅಂಚು ಇನ್ನೂ ಕೆಳಕ್ಕೆ ಬಾಗಿರುವಾಗಲೇ ಕಿತ್ತುಬಿಡಿ. ಅಂಚು ಚಪ್ಪಟೆಯಾಗಿ ಮೇಲಕ್ಕೆ ತಿರುಗಿತೆಂದರೆ ಬೀಜಕಣ ಉದುರಲು ಶುರುವಾಗಿದೆ. ಗೊಂಚಲಿನ ಕೆಳಗಿನ ಅಣಬೆಗಳ ಮೇಲೆ ಬಿಳಿ ಪೌಡರ್ ಕೂತಿರುತ್ತದಲ್ಲ, ಅದೇ. ಅನುಮಾನವಿದ್ದರೆ ಬಲಿತ ಒಂದು ಕೊಡೆಯನ್ನು ರಾತ್ರಿ ಕಪ್ಪು ಕಾಗದದ ಮೇಲೆ ಬೋರಲು ಹಾಕಿಡಿ, ಬೆಳಿಗ್ಗೆ ಎತ್ತಿದರೆ ಪದರುಗಳ ಅಚ್ಚು ಬಿಳಿಯಾಗಿ ಮೂಡಿರುತ್ತದೆ. ಒಂದು ಕೊಡೆಯಿಂದ ಒಂದು ರಾತ್ರಿಗೆ ಬಿದ್ದದ್ದು ಅಷ್ಟು. ಒಳಗೆ ಹೋಗುವ ಮೊದಲು ಬಾಗಿಲು ಕಿಟಕಿ ತೆರೆದು ನೀರು ಸಿಂಪಡಿಸಿ, ಎನ್95 ಮಾಸ್ಕ್ ಹಾಕಿ. ಸೆರಗು ಮುಚ್ಚಿಕೊಂಡರೆ ಏನೂ ತಡೆಯುವುದಿಲ್ಲ. ಶೆಡ್ಡಿನ ಗಾಳಿ ಮಲಗುವ ಕೋಣೆಗೆ ಬರುತ್ತಿದ್ದರೆ ಆ ಕಿಂಡಿ ಮುಚ್ಚಿಸಿ.

ನೀವು ಕೇಳದ ಒಂದು ವಿಷಯ ಹುಲ್ಲಿನದು. ಬಹಳ ಕಡೆ ಹುಲ್ಲನ್ನು ಫಾರ್ಮಲಿನ್ ಮತ್ತು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ರಾತ್ರಿಯೆಲ್ಲ ನೆನೆಸುತ್ತಾರೆ. ತರಬೇತಿಯಲ್ಲೂ ಹಾಗೆಯೇ ಕಲಿಸುತ್ತಾರೆ, ಸೌದೆಯ ಖರ್ಚಿಲ್ಲ. ಆದರೆ ಫಾರ್ಮಲಿನ್ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಕಾರ್ಬೆಂಡಜಿಮ್ ಗರ್ಭಕ್ಕೆ ಹಾನಿ ಮಾಡುವ ಗುಂಪಿನದು, ಯುರೋಪಿನಲ್ಲಿ ಬೆಳೆಗೆ ಬಳಸಲು ಈಗ ಅನುಮತಿಯಿಲ್ಲ. ಸಂಘದಲ್ಲಿ ಬಸುರಿಯರಿದ್ದರೆ ಆ ಡ್ರಮ್ಮಿನ ಹತ್ತಿರ ಬಿಡಬೇಡಿ. ತಿನ್ನುವವರ ದೃಷ್ಟಿಯಿಂದಲೂ ಬಿಸಿನೀರಿನ ವಿಧಾನವೇ ಮೇಲು. ನೆನೆಸಿದ ಹುಲ್ಲನ್ನು ಕುದಿಯುವ ಮಟ್ಟಕ್ಕೆ ಹತ್ತಿರದ ನೀರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಅದ್ದಿಟ್ಟು, ಹಿಂಡಿದರೆ ಹನಿ ಬೀಳದಷ್ಟು ಆರಿಸಿದರೆ ಸಾಕು. ಅಣಬೆ ತಾನು ಬೆಳೆಯುವ ಜಾಗದ ಕ್ಯಾಡ್ಮಿಯಂ, ಪಾದರಸದಂಥ ಲೋಹಗಳನ್ನು ಹೀರಿಕೊಳ್ಳುವ ಜೀವಿ. ಹುಲ್ಲು ಯಾರ ಗದ್ದೆಯದು, ಕೊನೆಯ ಔಷಧಿ ಹೊಡೆದದ್ದು ಯಾವಾಗ ಎಂದು ವಿಚಾರಿಸಿ ತನ್ನಿ. ನೊಣ ಬಂದವೆಂದು ನುವಾನ್ ಕೀಟನಾಶಕ ಹೊಡೆಯಬೇಡಿ. ಅದರೊಳಗಿನ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ, ಹಳೆಯ ಬಾಟಲಿ ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿದೆ. ಕಿಟಕಿಗೆ ಸಣ್ಣ ಕಣ್ಣಿನ ಜಾಲಿ, ಅಂಟಿನ ಹಳದಿ ಹಾಳೆ ಸಾಕು.

ಹುತ್ತದ ಅಣಬೆಯ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಗೆದ್ದಲ ಗೂಡಿನಿಂದಲೇ ಬೇರು ಬಿಟ್ಟು ಏಳುವ ಅಣಬೆ ನಿಜಕ್ಕೂ ತಿನ್ನುವಂಥದ್ದು, ರುಚಿಯೂ ಹೌದು. ಅದನ್ನು ಗುರುತಿಸುವ ಹಿರಿಯರ ಕಣ್ಣನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹುತ್ತದ ಮೇಲೆ, ಅದರ ಪಕ್ಕದಲ್ಲಿ ಬಂದದ್ದೆಲ್ಲ ಅದೇ ಅಲ್ಲ. ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಬಳ್ಳೊಳ್ಳಿ ಬಣ್ಣ ತಿರುಗಿದರೆ ವಿಷ, ಹುಳ ತಿಂದಿದ್ದರೆ ಮನುಷ್ಯರಿಗೂ ಆಗುತ್ತದೆ, ಹುಣಸೆ ನೀರಲ್ಲಿ ಕುದಿಸಿದರೆ ವಿಷ ಇಳಿಯುತ್ತದೆ, ಈ ನಾಲ್ಕೂ ಸುಳ್ಳು. ಅತಿ ಕೆಟ್ಟ ವಿಷವಾದ ಅಮಟಾಕ್ಸಿನ್ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಮೇಲೆ ಹೇಳಿದ ಕಾಗದದ ಅಚ್ಚು ಹಸಿರು ಬಣ್ಣಕ್ಕೆ ಮೂಡಿದರೆ ಅದು ಮಳೆಗಾಲದಲ್ಲಿ ಹುಲ್ಲು ಬಯಲಿನಲ್ಲಿ ದೊಡ್ಡ ಬಿಳಿ ಕೊಡೆಯಂತೆ ಏಳುವ ವಿಷದ ನಾಯಿಕೊಡೆ, ಬಿಸಾಡಿ. ಬಿಳಿ ಬಂದರೆ ಒಳ್ಳೆಯದು ಎಂದು ಮಾತ್ರ ತಿಳಿಯಬೇಡಿ, ಕೊಲ್ಲುವ ಅಣಬೆಗಳ ಅಚ್ಚೂ ಬಿಳಿಯೇ. ಸಂಡೂರು ಕಡೆಯ ಗಣಿ ಧೂಳಿನ ಜಾಗ, ಹೆದ್ದಾರಿ ಬದಿ, ಔಷಧಿ ಹೊಡೆದ ಬದುವಿನವನ್ನು ಗುರುತು ಸಿಕ್ಕರೂ ತರಬೇಡಿ.

ತಿಂದ ಒಂದೆರಡು ತಾಸಿನೊಳಗೆ ವಾಂತಿಭೇದಿ ಶುರುವಾದರೆ ಸಾಮಾನ್ಯವಾಗಿ ಹೊಟ್ಟೆಗೆ ಸೀಮಿತವಾದ ವಿಷ, ಆದರೂ ಆಸ್ಪತ್ರೆಗೆ ಹೋಗಬೇಕು. ಆರು ತಾಸು ಕಳೆದ ಮೇಲೆ ಶುರುವಾದರೆ ಬಹಳ ಅಪಾಯ. ಒಂದು ದಿನ ವಾಂತಿಯಾಗಿ, ಮರುದಿನ ರೋಗಿ ಎದ್ದು ಕೂತು ಗಂಜಿ ಕೇಳುತ್ತಾನೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಲಿವರ್ ಕೆಡುತ್ತಿರುವುದು ಆಗಲೇ, ಮೂರನೆಯ ದಿನ ಕಣ್ಣು ಹಳದಿಯಾಗುತ್ತದೆ. ಹಾಗಾಗಿ ‘ಸುಧಾರಿಸಿದ್ದಾನೆ’ ಎಂದು ಮನೆಗೆ ಕರೆತರದೆ ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವುದಾದರೂ ವೈದ್ಯಕೀಯ ಕಾಲೇಜು ಆಸ್ಪತ್ರೆಗೇ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಳಿದ ಅಣಬೆಯನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದಲ್ಲಿ ಸುತ್ತಿ ತನ್ನಿ. ಕಿಡ್ನಿ ತೊಂದರೆ ಇರುವ ಮಾವನವರಿಗೆ, ಮನೆಯ ಸಣ್ಣ ಮಕ್ಕಳಿಗೆ ಹೊಲದ ಅಣಬೆ ಬೇಡವೇ ಬೇಡ.

ಕೊನೆಯದಾಗಿ ನಿಮ್ಮ ಪ್ಯಾಕೆಟ್. ಶುಗರ್, ಕ್ಯಾನ್ಸರ್, ಬಿ.ಪಿ. ವಾಸಿಯಾಗುತ್ತದೆ ಎಂದು ಜಾಹೀರಾತು ಮಾಡುವುದನ್ನು 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಪರಾಧವಾಗಿಸಿದೆ. ‘ಶುಗರ್‌ಗೆ ಒಳ್ಳೆಯದು’ ಎಂಬುದನ್ನು ಓದಿದವರು ‘ವಾಸಿಯಾಗುತ್ತದೆ’ ಎಂದೇ ಓದಿಕೊಳ್ಳುತ್ತಾರೆ, ನಿಮ್ಮ ಮಾವನವರೇ ಓದಿಕೊಳ್ಳಲಿಲ್ಲವೇ? ಬರೆಸಬೇಡಿ. ಕಿತ್ತ ದಿನಾಂಕ, ತೂಕ, ಎಫ್‌ಎಸ್‌ಎಸ್‌ಎಐ ನೋಂದಣಿ ನಂಬರ್, ‘ಬಿಸಿನೀರಿನಲ್ಲಿ ಶುದ್ಧ ಮಾಡಿದ ಹುಲ್ಲಿನಲ್ಲಿ ಬೆಳೆದದ್ದು’ (ನಿಜವಾಗಿ ಹಾಗೆ ಬೆಳೆದಿದ್ದರೆ), ‘ಚೆನ್ನಾಗಿ ಬೇಯಿಸಿ ತಿನ್ನಿ’, ಇಷ್ಟು ಸಾಕು. ಬೇಸಿಗೆಯಲ್ಲಿ ಚಿಪ್ಪು ಅಣಬೆ ಕೈಕೊಡುತ್ತಿದ್ದರೆ 30ರಿಂದ 35 ಡಿಗ್ರಿ ತಡೆಯುವ ಹಾಲು ಅಣಬೆಯ ಬೀಜಕ್ಕಾಗಿ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಮಾವನವರ ರಕ್ತ ಪರೀಕ್ಷೆಯ ವರದಿ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಕ್ರಿಯಾಟಿನಿನ್ ಎಷ್ಟಿದೆ ಎಂದು ತಿಳಿಸಿದರೆ ಊಟದಲ್ಲಿ ಇನ್ನೇನು ಬದಲಿಸಬೇಕೆಂದು ಹೇಳಲು ಅನುಕೂಲವಾಗುತ್ತದೆ.